ಗುಲಾಮ, ಒಂಬತ್ತು

ಮಾಂಡವಿಯಲ್ಲಿ ಲಂಗರು ಹಾಕಿದ ಹಡಗು ಎಲ್ಲಿಗೂ ಹೋಗುವುದಿಲ್ಲ.
ಹೋಗುವವರು ನಾವು, ಒಬ್ಬೊಬ್ಬರಾಗಿ,
ಕುರ್ಚಿ ಹಿಂದಕ್ಕೆ ಸರಿಸಿ, ಯಾರದೋ ಕೈ ಕುಲುಕಿ.
ಸಂಜೆ ಕೂತಾಗ ಅರವತ್ತೆರಡು ಮಂದಿ.
ಈಗ ರಾತ್ರಿ ಎರಡೂವರೆ, ಒಂದೇ ಮೇಜು, ಹತ್ತು ಜನ,
ದುಡ್ಡು ಒಂಬತ್ತು ಜನಕ್ಕೆ.

ಗೋವೆಯವರನ್ನು ಒಳಗೆ ಬಿಡುವುದಿಲ್ಲವಂತೆ.
ನನ್ನ ಆಧಾರಿನಲ್ಲಿ ಇನ್ನೂ ಮಾಜಾಳಿ, ಕಾರವಾರ ತಾಲೂಕು,
ಹನ್ನೊಂದು ವರ್ಷದಿಂದ ಮಾಲಿಮ್ ಜೆಟ್ಟಿಯ ಐಸ್ ಫ್ಯಾಕ್ಟರಿಯಲ್ಲಿ
ಕಂಪ್ರೆಸರ್ ನೋಡಿಕೊಂಡಿದ್ದರೂ.
ವಿಳಾಸ ಬದಲಿಸದ ಸೋಮಾರಿತನಕ್ಕೆ ಸಿಕ್ಕ ಬಾಗಿಲು ಇದು.

ಮಿಜೋರಾಮಿನ ಹುಡುಗಿ ಎಲೆ ಹಂಚುತ್ತಾಳೆ.
ಮಂಜುಗಡ್ಡೆಯ ಮೇಲೆ ಬಂಗಡೆ ಜಾರಿದ ಹಾಗೆ
ಎರಡು ಬಂದು ನನ್ನ ಬೆರಳಿಗೆ ತಾಗಿದವು.
ಮೂಲೆ ಎತ್ತಿ ನೋಡಿದೆ:
ಗುಲಾಮ. ಒಂಬತ್ತು. ಎರಡೂ ಕಳಾವರ.

ನಮ್ಮೂರ ಇಪ್ಪತ್ತೆಂಟರಲ್ಲಿ ಇದಕ್ಕಿಂತ ದೊಡ್ಡದಿಲ್ಲ.
ಬಲೆ ಒಣಗುವ ಹೊತ್ತು, ದೋಣಿಯ ನೆರಳಿನಲ್ಲಿ,
ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು,
ಎಕ್ಕ ಬರೀ ಒಂದಕ್ಕೆ ಕೈಕಟ್ಟಿ ನಿಲ್ಲುತ್ತದೆ,
ರಾಜನಿಗೂ ರಾಣಿಗೂ ಸೊನ್ನೆ.
ಅಂಥ ರಾಜ್ಯದಲ್ಲಿ ಎಲೆ ಹಿಡಿಯಲು ಕಲಿತವನು.
ಇಲ್ಲಿ ರಾಜ ರಾಜನೇ, ಗುಲಾಮ ಗುಲಾಮನೇ,
ಒಂಬತ್ತು ಯಾರ ಲೆಕ್ಕಕ್ಕೂ ಇಲ್ಲ.

ಎದುರಿಗೆ ಪುಣೆಯ ಟಿಳೇಕರ್ ಬಾಯಿ, ಹಲ್ಲಿನ ಡಾಕ್ಟರು,
ಬಿಲ್ಲೆಗಳ ಹಿಂದೆ ಗಲ್ಲದವರೆಗೆ ಮುಳುಗಿದ್ದಾಳೆ.
ಸೋಂಪು ಜಗಿಯುತ್ತ ಒಂದು ಗಂಟೆಯಿಂದ
ಪ್ರತಿ ಕೈಗೂ ಏರಿಸುತ್ತಾಳೆ, ಪ್ರತಿ ಕೈಗೂ ಬಿಡುತ್ತೇವೆ,
ಅವಳ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಹಾಗೆ.
ಈಗಲೂ ಏರಿಸಿದಳು.

ನನ್ನ ಬಳಿ ಹದಿನಾಲ್ಕು ಬಿಲ್ಲೆ.
ಸರದಿಯ ಕಡ್ಡಾಯಕ್ಕೆ ಒಂದು ಆಗಲೇ ನಡುವೆ ಬಿದ್ದಿದೆ,
ಇನ್ನೊಂದು ಕೊಟ್ಟರೆ ಮೂರು ಎಲೆ ನೋಡಬಹುದು. ಅಗ್ಗ.
ಸಂತೆ ಮುಗಿಯುವಾಗ ಉಳಿದ ಮೀನೂ ಅಗ್ಗವೇ.
ಒಳ್ಳೆಯ ಎಲೆಗೆ ಯೋಚನೆ ಬೇಡ, ಕೆಟ್ಟದ್ದಕ್ಕೂ ಬೇಡ.
ನಡುವಿನದ್ದು ಮಾತ್ರ
ಮನುಷ್ಯನನ್ನು ಕೂರಿಸಿಕೊಂಡು ಮಾತಾಡಿಸುತ್ತದೆ.

ಕೊಟ್ಟೆ.

ರಾಣಿ, ಒಂಬತ್ತು, ಎರಡು. ಕಳಾವರ ಒಂದೂ ಇಲ್ಲ.
ಅವಳು ಎರಡೂ ಅಂಗೈಯಿಂದ ಗೋಪುರವೊಂದನ್ನು ಮುಂದಕ್ಕೆ ನೂಕಿದಳು.
ಹೂಂ ಅಂದರೆ, ಪೂರ್ತಿ ನಾನು.

ಇಪ್ಪತ್ತೆಂಟರಲ್ಲಿ ಎದುರು ಕೂತವನು ಜೊತೆಗಾರ.
ಸುಕ್ರು ಕೂರುತ್ತಿದ್ದ.
ಅವನ ಬೀಡಿ ತುಟಿಯ ಎಡಕ್ಕೆ ಹೊರಳಿದರೆ
ನನ್ನಲ್ಲಿದೆ, ನೀನು ಸುಮ್ಮನಿರು ಎಂದು.
ಒಂದು ಭಾನುವಾರ ಬೀಡಿ ನೋಡದೆ ತುರುಪು ತೆಗೆಸಿದೆ.
ಆರು ವರ್ಷವಾಯಿತು, ಮಾತಿಲ್ಲ.
ಈಗಲೂ ದಿಕ್ಕು ತೋಚದಾಗ
ಕಣ್ಣು ತಾನೇ ಎದುರಿಗೆ ಹೋಗುತ್ತದೆ, ಏನು ಮಾಡಲೋ ಎಂದು.

ಎದುರಿಗೆ ಟಿಳೇಕರ್ ಬಾಯಿ.
ಸೋಂಪು ಎಡ ದವಡೆಗೆ ಹೊರಳಿತು.

ಎಲೆ ಬಿಟ್ಟೆ.

ಮೂರು ಕೈ ಕಳೆದು ರಾಜಕೋಟಿನ ಹುಡುಗನೊಬ್ಬ
ಎಕ್ಕ-ರಾಜ ಹಿಡಿದೇ ಹೊರಬಿದ್ದ.
ಚಪ್ಪಾಳೆ ತಟ್ಟಿದೆವು, ನಾಚಿಕೆಯಿಲ್ಲದೆ.
ಅದರ ಮುಂದಿನ ಕೈಯಲ್ಲಿ ನಾನು. ಒಂಬತ್ತನೆಯವನು.
ಲಕೋಟೆ ತೆಳ್ಳಗಿತ್ತು, ಎರಡು ತಿಂಗಳ ಬಾಡಿಗೆಯಷ್ಟು.

ದಡಕ್ಕೆ ಬಿಡುವ ದೋಣಿಗೆ ಕಾಯುತ್ತಿದ್ದೆ.
ಆಟದ ವಿರಾಮವಿರಬೇಕು, ಅವಳೂ ಗಾಳಿಗೆ ಬಂದಳು.
ರಾಣಿ ಇತ್ತಾ, ಹಿಂದಿಯಲ್ಲಿ ಕೇಳಿದೆ.
ನಿಮ್ಮದೇನಿತ್ತು?
ಗುಲಾಮ, ಒಂಬತ್ತು.
ಅಯ್ಯೋ, ಅದನ್ನು ಯಾರಾದರೂ ಆಡುತ್ತಾರಾ?
ನಮ್ಮೂರಲ್ಲಿ ಎಲ್ಲರೂ, ಅಂದೆ.
ನಕ್ಕಳು. ತನ್ನದನ್ನು ಹೇಳಲಿಲ್ಲ.

ಆಚೆ ದಡದಲ್ಲಿ ಜೆಟ್ಟಿಯ ಹಳದಿ ದೀಪ.
ಐದಕ್ಕೆ ಟ್ರಾಲರುಗಳು ಮಂಜುಗಡ್ಡೆಗೆ ಸಾಲು ನಿಲ್ಲುತ್ತವೆ.
ಮಾಜಾಳಿಯಲ್ಲಿ ಸುಕ್ರು ಇಷ್ಟು ಹೊತ್ತಿಗೆ ಎದ್ದು
ಬೀಡಿಗೆ ಕಡ್ಡಿ ಗೀರುತ್ತಿರಬೇಕು.
ಅವನಿಗೆ ಹೇಳಿದರೆ ಬೈಯುತ್ತಾನೆ, ಆರು ವರ್ಷದ ಬಾಕಿ ಸೇರಿಸಿ:
ಗುಲಾಮ-ಒಂಬತ್ತು ಕೈಯಲ್ಲಿಟ್ಟುಕೊಂಡು
ಯಾರಾದರೂ ಎಲೆ ಬಿಡುತ್ತಾರೇನೋ!