ಸರಿ ಪುಟ

ಡಬ್ಬಿ ತೆರೆದರೆ ಮೊದಲು ಬಂದದ್ದು ವಾಸನೆ.
ಕಾಟನ್‌ಪೇಟೆಯಲ್ಲಿ ನಮ್ಮ ಕಂಪ್ಯೂಟರ್ ಕ್ಲಾಸಿನ ಕೆಳಗೆ
ಅಗರಬತ್ತಿ ಗೋದಾಮಿತ್ತು;
ಮೂವತ್ತು ವರ್ಷವಾದರೂ ಫ್ಲಾಪಿಗಳಿಗೆ
ಅದೇ ಅಗ್ಗದ ಗಂಧದ ಗುಂಗು.

ಎರಡು ಫ್ಲಾಪಿ. ಒಂದಕ್ಕೆ ಬಿಳಿ ಬೂಷ್ಟು.
ತಗಡಿನ ಮುಚ್ಚಳ ಸರಿಸಿ, ಹತ್ತಿಗೆ ಸ್ಪಿರಿಟ್ ಅದ್ದಿ
ಹಸುಗೂಸಿನ ಕಿವಿ ಒರೆಸುವ ಹಾಗೆ ಒರೆಸಿದೆ.
ಓದುವ ಡ್ರೈವು ಸಿಕ್ಕಿದ್ದು ಎಸ್.ಪಿ. ರೋಡಿನಲ್ಲಿ.
ಸುಮತಿಲಾಲರು ಹಳೆಯದನ್ನೆಲ್ಲ ತೂಕಕ್ಕೆ ಹಾಕುತ್ತಿದ್ದರು.
"ಇದನ್ನ ಇಟ್ಕೊಂಡು ಏನ್ಮಾಡ್ತೀರಾ ಮೇಡಂ?"
ಆಡ್ತೀನಿ, ಅಂದೆ.
ಗಂಭೀರವಾಗಿ ಇನ್ನೂರು ರೂಪಾಯಿ ಜಾಸ್ತಿ ಹೇಳಿದರು.

ಡ್ರೈವು ಕರಕರ ಅಂತ ರಾಗಿ ಬೀಸಿತು,
ನಿಂತಿತು, ಮತ್ತೆ ಬೀಸಿತು.
ಹೊಸ ಲ್ಯಾಪ್‌ಟಾಪು ಮುಖ ತಿರುಗಿಸಿತು:
ಇಂಥವರಿಗೆ ಇಲ್ಲಿ ಜಾಗವಿಲ್ಲ.
ಬಾಡಿಗೆ ಮನೆ ಹುಡುಕಿದವರಿಗೆ
ಈ ಊರಿನಲ್ಲಿ ಈ ಮಾತು ಹೊಸದಲ್ಲ.

ಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಯಂತ್ರ ಕಟ್ಟಬೇಕು,
ಇಟ್ಟಿಗೆ ಇಲ್ಲದೆ, ಬರೀ ಸುಳ್ಳಿನಿಂದ.
ಆಟ ಕೇಳುತ್ತದೆ: ಇದು ಯಾವ ಇಸವಿ?
ತೊಂಬತ್ತೆರಡೇ ಕಣಪ್ಪ, ಗಾಬರಿಯಾಗಬೇಡ.
ಮೆಮೊರಿ ಎಷ್ಟಿದೆ?
ಆರುನೂರ ನಲವತ್ತು ಕೆ.
ಹದಿನಾರು ಜಿಬಿ ಬಚ್ಚಿಟ್ಟು ಬಡವಳ ಮುಖ ಮಾಡಿದೆ,
ರೇಷನ್ ಕಾರ್ಡಿಗೆ ಅರ್ಜಿ ಹಾಕುವವಳಂತೆ.
ಸೌಂಡ್ ಕಾರ್ಡ್ ಎಲ್ಲಿ?
ಇನ್ನೂರಿಪ್ಪತ್ತು, ಐಆರ್‌ಕ್ಯೂ ಏಳು.
ದಿನಾ ಹತ್ತುತ್ತಿದ್ದ ಬಸ್ಸಿನ ನಂಬರಿನ ಹಾಗೆ
ಬೆರಳಿಗೇ ನೆನಪಿತ್ತು.

ಆಮೇಲೆ ಕಪ್ಪು ಪರದೆ, ಹಸಿರು ಅಕ್ಷರ:
ಕೈಪಿಡಿ ತೆಗೆ. ಪುಟ ಹನ್ನೆರಡು, ಸಾಲು ನಾಲ್ಕು, ಎರಡನೆಯ ಪದ?

ಕಳ್ಳರನ್ನು ಹಿಡಿಯಲು ಇಟ್ಟ ಕಾವಲು ಅದು.
ನಾವು ಕಳ್ಳರೇ. ಕೈಪಿಡಿ ನಮ್ಮದಲ್ಲ,
ಫ್ಲಾರೆನ್ಸ್ ಮೇಡಂ ಬೀಗ ಹಾಕುತ್ತಿದ್ದ ಕಪಾಟಿನದು.
ಜೆರಾಕ್ಸಿಗೆ ಪುಟಕ್ಕೆ ಎಪ್ಪತ್ತೈದು ಪೈಸೆ; ಕಾಸಿಲ್ಲ.
ಚಪ್ಪಲಿ ಹೊರಗೆ ಬಿಟ್ಟು, ಎ.ಸಿ.ಗೆ ಕಾಲು ಮರಗಟ್ಟಿಸಿಕೊಂಡು
ಮಗ್ಗಿಯಂತೆ ಬಾಯಿಪಾಠ ಮಾಡಿದೆವು, ಹಂಚಿಕೊಂಡು:
ಬೆಸ ಪುಟ ನನಗೆ,
ಸರಿ ಪುಟ ಮೆಹರ್‌ತಾಜಳಿಗೆ.

ಮುಚ್ಚಿ ತೆರೆದೆ. ಪುಟ ನಾಲ್ಕು.
ಮುಚ್ಚಿ ತೆರೆದೆ. ಹದಿನೆಂಟು.
ನನ್ನ ಏಳು, ನನ್ನ ಹದಿಮೂರು, ಅಲ್ಪವಿರಾಮ ಸಮೇತ
ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತಿವೆ,
ಯಾರೂ ಕೇಳುತ್ತಿಲ್ಲ.

ನಂಬರಿತ್ತು. ಹಬ್ಬಕ್ಕೊಂದು ಹೂವಿನ ಚಿತ್ರ
ಅತ್ತಿಂದಿತ್ತ ಹೋಗುವಷ್ಟು ನಂಟು.
ರಿಂಗಾಯಿತು. ಅಂಗಡಿಯ ಗದ್ದಲ, ಕತ್ತರಿಯ ಸದ್ದು.
"ಏನೇ ಕೋಮಲಾ, ಯಾರಿಗೇನಾಯ್ತು?"
ಯಾರಿಗೂ ಏನೂ ಆಗಿಲ್ಲ. ಹದಿನೆಂಟನೇ ಪುಟ,
ಆರನೇ ಸಾಲು, ಮೊದಲನೇ ಪದ.
ಆ ಕಡೆ ಯಾರೋ ಗುಂಡಿಯ ಬೆಲೆ ಕೇಳಿದರು.
ಅವಳು ಉತ್ತರ ಕೊಡಲಿಲ್ಲ.
ಮಧ್ಯದಿಂದ ಬರುವುದಿಲ್ಲವಂತೆ, ಎರಡರಿಂದ ಗೊಣಗುತ್ತಾ ಬಂದಳು,
ಎರಡು ಮುಗಿಸಿ ನಾಲ್ಕು, ನಾಲ್ಕು ಮುಗಿಸಿ ಆರು,
ಎಲ್ಲೋ ಉಸಿರು ತೆಗೆದುಕೊಂಡು, ಮತ್ತೆ ಹಿಡಿದು,
"ಲ್ಯಾಂಟರ್ನ್," ಅಂದಳು. "ಬರ್ಕೋ."

ಸರಿ, ಅಂದಿತು ಆಟ.

ಟಪಾಲಿನ ಪುಟ್ಟ ವಿಮಾನ ರನ್‌ವೇಯಲ್ಲಿ ಕಂಡಿತು;
ಕೀಲಿ ಒತ್ತಿದೆನೋ ಇಲ್ಲವೋ, ಬೆಟ್ಟಕ್ಕೆ ಬಡಿದು ಚೂರು.
ಇನ್ನೊಂದು. ಚೂರು.
ಅದರ ತಪ್ಪಲ್ಲ. ಹೊಸ ಯಂತ್ರದ ಎದೆಬಡಿತವನ್ನೇ
ಗಡಿಯಾರ ಅಂದುಕೊಂಡಿದೆ.
ಹಾಲು ಉಕ್ಕುವ ಹೊತ್ತಿಗೆ ಉರಿ ತಗ್ಗಿಸಿದ ಹಾಗೆ
ವೇಗ ಇಳಿಸಿದೆ, ಇಳಿಸಿದೆ,
ರೆಕ್ಕೆ ಅಲುಗುವುದು ಕಾಣುವವರೆಗೆ.

"ಸದ್ದು ಬರ್ತಿದ್ಯಾ?" ಅಂದಳು.
ಫೋನನ್ನು ಸ್ಪೀಕರಿಗೆ ಹಿಡಿದೆ.
ಡಬ್ಬಿಯಲ್ಲಿ ಸಿಕ್ಕ ನೊಣದಂಥ ಇಂಜಿನ್ನು.
ಕೇಳಿಸಿಕೊಂಡಳು, ತುಂಬ ಹೊತ್ತು.
"ಎಡಕ್ಕೆ ತಿರುಗಿಸೇ, ಈಗ ಬೆಟ್ಟ ಬರತ್ತೆ."
ತಿರುಗಿಸಿದೆ. ಬಂತು, ಬಲಗಡೆಯಿಂದ ಹಾದುಹೋಯಿತು.
ಆಮೇಲೆ ಇನ್ಯಾರಿಗೋ:
"ಲೈನಿಂಗು ಅರ್ಧ ಮೀಟರಾ, ಮುಕ್ಕಾಲಾ?"