ಕಾಗದದ ಕುರ್ಚಿ

ಚೋಮಾ ಊರಿನ ಹೊರಗೆ ಮುತಿಂತಾ
ಹಳೇ ಪತ್ರಿಕೆಗಳಿಗೆ ಮೆಕ್ಕೆಜೋಳದ ಗಂಜಿ ಬಳಿದು
ಒಂದರ ಮೇಲೊಂದು ಅಂಟಿಸಿದಳು, ಬಿಸಿಲಿಗಿಟ್ಟಳು.
ಚುನಾವಣೆ, ತಾಮ್ರದ ಬೆಲೆ, ಯಾರದೋ ಮದುವೆ
ಒಣಗಿ ಹಲಗೆಯಾದವು.

ಥೆರಪಿಯ ನಾಮುಕೋಲೋ ದಾರ ಹಿಡಿದು ಅಳೆದಿದ್ದಳು
ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ,
ಅಳತೆಗೊಂದು ಗಂಟು.
‘ಕತ್ತು ನಿಲ್ಲೋದು ಯಾವಾಗ?’
‘ಬೆನ್ನು ನಿಲ್ಲಲಿ ಮೊದಲು’ ಅಂದಳು, ಅಷ್ಟೆ.

ಆರು ವರ್ಷ ಚೂಲ್ವೆ ಕಂಡದ್ದು ಸೂರಿನ ತಗಡು,
ಅದರ ಹನ್ನೊಂದು ತೂತು,
ಬಗ್ಗಿದ ಮುಖಗಳು.

ಇವತ್ತು ಕೂತಿದ್ದಾನೆ.
ಎದೆಗೆ ಅಮ್ಮನ ಹಳೇ ಚಿಟೆಂಗೆಯ ಪಟ್ಟಿ,
ಮೂಗಿಗೆ ಗಂಜಿಯ ಹುಳಿವಾಸನೆ.
ಕೋಳಿಯೊಂದು ಅಡ್ಡ ಹಾಯಿತು. ನೋಡಿದ.
ಗೋಡೆಯ ಹಿಂದೆ ಅದು ಮರೆಯಾದ ಮೇಲೂ
ಅಲ್ಲೇ ನೋಡುತ್ತಿದ್ದಾನೆ.

ಒಲೆ ಹಚ್ಚಿಲ್ಲ ಇನ್ನೂ ಮುತಿಂತಾ.
ಕೋಳಿ ವಾಪಸು ಬರಲೆಂದು
ಅವಳೂ ಕಾಯುತ್ತಿದ್ದಾಳೆ.