ಕಾಲ್ಗುಣ

ಜಗಳೂರಿನಿಂದ ದಾವಣಗೆರೆಯವರೆಗೆ
ಬರೀ ಮೂರನೇ ಗೇರಿನಲ್ಲೇ ಬಂದಿದ್ದರು ಹಾಲಮ್ಮ ಮೇಡಂ.
ಏರಿಗೂ ಅದೇ, ಇಳಿಜಾರಿಗೂ ಅದೇ,
ಎಮ್ಮೆ ಅಡ್ಡ ಬಂದರೂ ಅದೇ.
"ಹಟ ಹಿಡಿದೈತಿ ದಾದಾಪೀರ್,
ವಾರದಿಂದ ಒಂದೇ ಮಗ್ಗಿ ಒಪ್ಪಿಸ್ತೈತಿ."

ಬಾನೆಟ್ ಎತ್ತಿದೆ.

ನನ್ನ ಉಸ್ತಾದ್ ರುದ್ರಾಚಾರ್ರು
ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ ಒತ್ತಿ
ಹಿಡಿಯನ್ನು ಕಿವಿಗಿಟ್ಟು
"ಎರಡನೇದರ ಹಲ್ಲು ಸವೆದೈತಿ" ಅನ್ನುತ್ತಿದ್ದರು.
ಬಿಚ್ಚಿದರೆ ಎರಡನೆಯದೇ.
ಹತ್ತಿ ಹೊತ್ತ ಲಾರಿಗಳು ಅವರೆದುರು
ಆ ಅಂತ ಬಾಯಿ ತೆರೆದು ನಿಲ್ಲುತ್ತಿದ್ದವು.
ಆ ಕಿವಿ ನನಗೆ ಬಿಟ್ಟುಹೋದರು,
ಮೂವತ್ತೊಂದು ವರ್ಷ ಅದರಲ್ಲೇ ಉಂಡೆ.

ಈ ಗೇರ್‌ಬಾಕ್ಸಿನ ತಪ್ಪಿಲ್ಲ.
ಎಣ್ಣೆ ದಾಳಿಂಬೆ ಕೆಂಪು, ಸುಟ್ಟ ವಾಸನೆಯಿಲ್ಲ.
ತಪ್ಪಿರುವುದು ಬ್ಯಾಟರಿಯ ಮಗ್ಗುಲಲ್ಲಿ ಕೂತ
ತಿಂಡಿಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ.
ಯಾವ ಗೇರು ಯಾವಾಗ ಅಂತ ಹೇಳುವುದು ಅದು.
ಅದಕ್ಕೆ ಮಾತು ಹೋದರೆ
ಗಾಡಿ ಮೂರಕ್ಕೆ ಬಂದು ನಿಲ್ಲುತ್ತದೆ,
ಸಂತೆಯಲ್ಲಿ ಕೈ ತಪ್ಪಿದ ಮಗು
ಗುರುತಿನ ಅಂಗಡಿ ಮುಂದೆ ನಿಲ್ಲುವ ಹಾಗೆ.
ಸ್ಕ್ರೂಡ್ರೈವರ್ ಇಟ್ಟು ಕೇಳಿದೆ.
ಹಳೇ ಪಿ.ಬಿ. ರಸ್ತೆಯ ಹಾರನ್ನು,
ನನ್ನದೇ ರಕ್ತದ ಗುಂಯ್. ಅಷ್ಟೇ.

"ಮಾರಿಬಿಡ್ರಿ ಮೇಡಂ, ಕೈಗೇರಿಂದು ತಗೊಳ್ರಿ"
ಅಂದ ಪಂಕ್ಚರ್ ಅಂಗಡಿಯ ಓಂಕಾರಿ.
ಮೇಡಂ ನೆರಿಗೆ ತುಸು ಸರಿಸಿ
ಎಡಗಾಲಿನ ಕ್ಯಾಲಿಪರ್ ತೋರಿಸಿದರು.
(ನಮ್ಮಲ್ಲಿ ಕ್ಯಾಲಿಪರ್ ಅಂದರೆ ಬ್ರೇಕಿಂದು.
ಅವರಿಗೆ, ಮೂರನೇ ವಯಸ್ಸಿನಿಂದ,
ತೊಡೆಯಿಂದ ಹಿಮ್ಮಡಿಯವರೆಗಿನ ಕಬ್ಬಿಣ.)
"ಕ್ಲಚ್ ನೀನು ತುಳೀತೀಯೇನಪ್ಪ?
ರಾತ್ರಿ ಎರಡಕ್ಕೆ ಆಕಳಿಗೆ ಕರು ಅಡ್ಡ ಸಿಕ್ಕಾಗ?"
ಓಂಕಾರಿ ಟ್ಯೂಬನ್ನು ನೀರಿಗೆ ಅದ್ದಿ
ಗುಳ್ಳೆ ಹುಡುಕತೊಡಗಿದ.

ಹೊಸದಕ್ಕೆ ಎಪ್ಪತ್ತೆರಡು ಸಾವಿರ.
ಹಳೆಯದೊಂದು ಬೆಂಗಳೂರಿನ ಗುಜರಿಯಿಂದ
ರಾತ್ರಿ ಬಸ್ಸಿಗೆ ಬಂತು, ಗೋಧಿಹಿಟ್ಟಿನ ಚೀಲ ಸುತ್ತಿಕೊಂಡು.
ಹತ್ತರ ಸ್ಪ್ಯಾನರು, ಮೂರು ಬೋಲ್ಟು, ಎರಡು ಸಾಕೆಟ್ಟು.
ಬ್ಯಾಟರಿಯ ಕಪ್ಪು ವೈರು
ಮೊದಲು ಬಿಚ್ಚು, ಕೊನೆಗೆ ಹಾಕು.
ಇಪ್ಪತ್ತೇ ನಿಮಿಷ.
ಕೀಲಿ ತಿರುವಿದರೆ ಗಾಡಿ ಮಿಸುಕಲಿಲ್ಲ.

ಪೆಟ್ಟಿಗೆಗೆ ಹಿಂದಿನ ಮನೆಯ ನೆನಪು.
ಎಲ್ಲೋ ಗುದ್ದಿ ತಗಡಾಗಿ ಹೋದ ಕಾರಿನ ನಂಬರನ್ನೇ
ಇನ್ನೂ ತನ್ನ ಹೆಸರು ಅಂದುಕೊಂಡಿತ್ತು.

ಹರಿಹರದಿಂದ ಕೊಟ್ರೇಶಿ ಬಂದ, ಬಗಲಲ್ಲಿ ಲ್ಯಾಪ್‌ಟಾಪು,
ಪೆನ್ಸಿಲ್ಲಿನಲ್ಲಿ ಬರೆದಂಥ ಮೀಸೆ.
ನನ್ನ ಕೈಮಸಿ ನೋಡಿ
ಕೇಬಲ್ಲನ್ನು ತಾನೇ ಚುಚ್ಚಿದ.
ಗಾಡಿಯ ಹದಿನೇಳು ಅಕ್ಷರ ನಾನು ಓದಿದೆ, ಅವನು ಕುಟ್ಟಿದ.
"ಇದು ಸೊನ್ನೆನೋ, ಓ-ನೋ?"
"ಇದರಾಗ ಓ ಇರೋದೇ ಇಲ್ಲ ಚಾಚಾ."
ಮಗಳು ಹುಟ್ಟಿದಾಗ ಅವಳ ಕಿವಿಯಲ್ಲಿ ಬಾಂಗು ಹೇಳಿದಾಗಲೂ
ಇಷ್ಟು ಹೆದರಿರಲಿಲ್ಲ ನಾನು.

"ಇನ್ನು ಐವತ್ತು ಕಿಲೋಮೀಟರ್ ಓಡಿಸ್ರಿ,
ಓಡಿಸೋರ ಕಾಲ್ಗುಣ ಕಲೀತೈತಿ ಅದು."
ಕೀಲಿಗೆ ಕೈ ಚಾಚಿದೆ.
"ನಿನ್ನ ಕಾಲು ಕಲಿತು ಅದಕ್ಕೇನಾಗಬೇಕು?"
ಅಂದರು ಮೇಡಂ.

ಬಾತಿ ಕೆರೆ ದಾಟಿ, ಕೊಟ್ರೇಶಿಯನ್ನು ಹರಿಹರದಲ್ಲಿ ಇಳಿಸಿ
ಮಲೇಬೆನ್ನೂರಿನ ದಾರಿ ಹಿಡಿದೆವು.
ಎರಡೂ ಕಡೆ ಭತ್ತ, ನಾಲೆ ತುಂಬಾ ನೀರು.
ಒಂದು.
ಎರಡು, ಅದಕ್ಕೊಂದು ಸಣ್ಣ ಗುದ್ದು,
ಹೊಸ ಸೊಸೆ ಹೊಸ್ತಿಲು ಎಡವಿದಂತೆ.
ಮೂರು.
ಮೇಡಂ ಉಸಿರು ಹಿಡಿದರು.
ಒಂದು ಟ್ರ್ಯಾಕ್ಟರು ಹೋಯಿತು, ಒಂದು ಹಾಲಿನ ಬೈಕು.

ನಾಲ್ಕು.

ಇಬ್ಬರೂ ಮಾತಾಡಲಿಲ್ಲ.
ಪಕ್ಕದ ಸೀಟಿನಲ್ಲಿ ನನ್ನ ಎಡಗಾಲು
ಪ್ರತಿ ಗೇರಿಗೂ ಇಲ್ಲದ ಕ್ಲಚ್ಚು ತುಳಿಯುತ್ತಿತ್ತು.
ಅವರದು ಕಬ್ಬಿಣದೊಳಗೆ ತಣ್ಣಗೆ ಒರಗಿತ್ತು.
"ಅದಕ್ಕೂ ಸ್ವಲ್ಪ ರಜೆ ಕೊಡು" ಅಂದರು, ರಸ್ತೆ ನೋಡುತ್ತಲೇ.
ಕೊಟ್ಟೆ ಅಂದುಕೊಂಡೆ.
ಕುಂಬಳೂರಿನ ತಿರುವಿನಲ್ಲಿ ಮತ್ತೆ ತುಳಿದಿತ್ತು.

ರಾತ್ರಿ ಷಟರ್ ಅರ್ಧ ಎಳೆದು ಕೆಟ್ಟ ಪೆಟ್ಟಿಗೆ ಬಿಚ್ಚಿದೆ.
ಭೂತಗನ್ನಡಿ ಹಿಡಿದರೆ ಕಂಡಿತು,
ಒಂದು ಬೆಸುಗೆ, ಕೂದಲೆಳೆಯಷ್ಟು ಬಿರುಕು.
ಆಚಾರ್ರೇ, ಇದು ನಿಮಗೂ ಕೇಳುತ್ತಿರಲಿಲ್ಲ.

ಬಿಲ್ಲು ಬರೆದೆ.
ಪೆಟ್ಟಿಗೆ ಹದಿನೆಂಟು ಸಾವಿರ,
ಕೊಟ್ರೇಶಿಗೆ ಮೂರೂವರೆ,
ಬಿಚ್ಚಿ ಹಾಕಿದ್ದಕ್ಕೆ ಆರುನೂರು.
ಐವತ್ತು ಕಿಲೋಮೀಟರಿನ ಕೂಲಿ ಬರೆಯಲಿಲ್ಲ,
ಓಡಿಸಿದ್ದು ಅವರು.